ಏಳನೇ ಫ್ರೆಟ್ಟಿನ ಮಧ್ಯಮ

ಬ್ಲೂಸ್ ಸೋಲೋ ನುಡಿಸಲು ಬೇಕಾದ ಸ್ವರಗಳು ಐದೇ ಐದು. ಗಿಟಾರಿನ ಐದನೇ ಫ್ರೆಟ್ಟಿನಿಂದ ಎಂಟನೇ ಫ್ರೆಟ್ಟಿನವರೆಗಿನ ಪುಟ್ಟ ಜಾಗದಲ್ಲಿ, ಒಂದೊಂದು ತಂತಿಗೆ ಎರಡೆರಡರಂತೆ ಅವು ಹಂಚಿಕೊಂಡು ಕೂತಿರುತ್ತವೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ಊಟದ ಹೊತ್ತಿಗೆ ಬೆರಳಿಗೆ ಹತ್ತಿಬಿಡುತ್ತವೆ. ಇಷ್ಟು ಸಲೀಸಾದ ವಿದ್ಯೆ ಪ್ರಪಂಚದಲ್ಲಿ ಇನ್ನೊಂದಿಲ್ಲ ಅನ್ನಿಸುತ್ತದೆ. ಊಟವಾದ ಮೇಲೆ, ಹೆಚ್ಚುಕಡಿಮೆ ಅದೇ ಐದು ಸ್ವರಗಳನ್ನು ಅಮೆರಿಕದ ಬ್ಲೂಸ್ ವಾದಕ ಬಿ.ಬಿ. ಕಿಂಗ್ ನುಡಿಸಿದ್ದನ್ನು ಕೇಳಿದರೆ ಮಧ್ಯಾಹ್ನದ ನಿದ್ದೆ ಹಾಳು.

ಸ್ವರ ಅದೇ, ಜಾಗ ಅದೇ, ತಂತಿಯೂ ಅದೇ. ಆದರೆ ಆತ ಒಂದು ಸ್ವರ ಮುಟ್ಟಿದರೆ ನಾವು ತಲೆಯೆತ್ತಿ ನೋಡುತ್ತೇವೆ; ನಾವು ಮೂವತ್ತು ಮುಟ್ಟಿದರೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಈ ವ್ಯತ್ಯಾಸಕ್ಕೆ ಗಿಟಾರಿನ ಮಂದಿ ‘ಫೀಲ್’ ಅನ್ನುತ್ತಾರೆ. ಹಾಗೆಂದರೇನಪ್ಪಾ ಎಂದು ಕೇಳಿ ನೋಡಿ, ಯಾರೂ ವಿವರಿಸುವುದಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ.

ನಮ್ಮ ಮನೆಯ ಎಲೆಕ್ಟ್ರಿಕ್ ಗಿಟಾರ್ ಮಗ ಇಂಜಿನಿಯರಿಂಗ್ ಓದುವಾಗ ಹಟ ಹಿಡಿದು ಕೊಡಿಸಿಕೊಂಡದ್ದು. ಓದು ಮುಗಿದ ಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಗಿಟಾರಿಗೆ ಅಟ್ಟ ಸಿಕ್ಕಿತು. ಕಾಲೇಜಿನ ಪಾಠದಿಂದ ನಿವೃತ್ತಳಾಗಿ ಮನೆಯಲ್ಲಿ ಕೂತಮೇಲೆ ಅದನ್ನು ಕೆಳಗಿಳಿಸಿ ಧೂಳು ಹೊಡೆದವಳು ನಾನು. ಕಲಿಸಲು ಬರುವ ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವರು. ನಾನು ‘ಮೇಷ್ಟ್ರೇ’ ಅನ್ನುತ್ತೇನೆ, ಅವರು ‘ಆಂಟಿ’ ಅನ್ನುತ್ತಾರೆ. ಮೈಸೂರಿನ ಸರಸ್ವತೀಪುರದಲ್ಲಿ ಗುರುಶಿಷ್ಯ ಪರಂಪರೆ ಸದ್ಯಕ್ಕೆ ಹೀಗೆ ನಡೆದಿದೆ. ನನ್ನ ಯಜಮಾನರಿಗೆ ಸಂಗೀತದಲ್ಲಿ ಒಂದೇ ಪ್ರಶ್ನೆ. ನಾನು ಅರ್ಧ ಗಂಟೆ ಬಾರಿಸಿದ ಮೇಲೆ ಪೇಪರಿನ ಹಿಂದಿನಿಂದ ಕೇಳುತ್ತಾರೆ: “ಶ್ರುತಿ ಮಾಡಿದ್ದಾಯ್ತಾ? ಇನ್ನು ಶುರು ಮಾಡ್ತೀಯಾ?”

ಮನೆಯಲ್ಲಿ ಸಂಗೀತ ಬಲ್ಲವರು ಅತ್ತೆ ಒಬ್ಬರೇ. ಮದುವೆಗೆ ಮುಂಚೆ ವೀಣೆ ಕಲಿತವರು. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿಯ ಗೆರೆ ಇವತ್ತಿಗೂ ಕಾಣುತ್ತದೆ ಎಂದು ಅವರ ವಾದ. ನನ್ನ ಕಣ್ಣಿಗೆ ಕಾಣುವುದಿಲ್ಲ, ಆದರೆ ಅತ್ತೆಯ ಜೊತೆ ಅಂಥ ವಿಷಯಕ್ಕೆ ವಾದಿಸಬಾರದು.

ಐದು ಸ್ವರ ಕೈಗೆ ಬಂದ ಹೊಸಬರೆಲ್ಲ ಮಾಡುವ ಕೆಲಸ ಒಂದೇ, ಅವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಿಸುವುದು. ಮದುವೆಮನೆಯಲ್ಲಿ ಮೈಕು ಸಿಕ್ಕಿದ ಸೋದರಮಾವನ ಹಾಗೆ, ನಿಲ್ಲಿಸಿದರೆ ಇನ್ನೊಬ್ಬರು ಕಿತ್ತುಕೊಂಡಾರು ಎಂಬ ಭಯ. ಮೇಷ್ಟ್ರು ಮೊಬೈಲಿನಲ್ಲಿ ಬ್ಯಾಕಿಂಗ್ ಟ್ರ್ಯಾಕ್ ಹಾಕಿ, ಸ್ವಲ್ಪ ಹೊತ್ತು ಸಹಿಸಿಕೊಂಡು, ಕೊನೆಗೆ ನಿಲ್ಲಿಸಿ ಹೇಳುತ್ತಾರೆ: “ಆಂಟಿ, ಉಸಿರಾಡಿ. ನೀವು ಪಾಠ ಮಾಡೋವಾಗ ಮಧ್ಯೆ ನಿಲ್ಲಿಸ್ತಿರಲಿಲ್ವಾ?” ನಿಲ್ಲಿಸುತ್ತಿದ್ದೆ. ಹಿಂದಿನ ಬೆಂಚು ಗಲಾಟೆ ಮಾಡಿದಾಗ ಇನ್ನೂ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದೆ. ಆ ಮೌನಕ್ಕಿದ್ದ ಶಕ್ತಿ ನನ್ನ ಯಾವ ಬೈಗುಳಕ್ಕೂ ಇರಲಿಲ್ಲ.

ಬ್ಲೂಸಿನ ಕಟ್ಟಡದಲ್ಲೇ ಈ ನಿಲ್ಲಿಸುವ ಜಾಗ ಇದೆ. ಹನ್ನೆರಡು ಬಾರ್‌ಗಳ ಒಂದು ಸುತ್ತು. ನಾಲ್ಕು ನಾಲ್ಕರ ಮೂರು ಸಾಲು. ಮೊದಲ ಸಾಲಿನಲ್ಲಿ ಹಾಡುವವರು ಒಂದು ಸಂಗತಿ ಹೇಳುತ್ತಾರೆ, ಎರಡನೆಯದರಲ್ಲಿ ಅದನ್ನೇ ಮತ್ತೆ ಹೇಳುತ್ತಾರೆ, ಮೂರನೆಯದರಲ್ಲಿ ಅದಕ್ಕೊಂದು ಮುಕ್ತಾಯ. ಪ್ರತಿ ಸಾಲಿನಲ್ಲೂ ಹಾಡಿನ ಮಾತು ಸುಮಾರು ಅರ್ಧಕ್ಕೇ ಮುಗಿಯುತ್ತದೆ. ಉಳಿದರ್ಧ ಗಿಟಾರಿನ ಉತ್ತರಕ್ಕೆ ಬಿಟ್ಟದ್ದು. ಬಿ.ಬಿ. ಕಿಂಗ್ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರೆಂದರೆ, ಹಾಡುವಾಗ ಆತ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು ತಮಗೆ ಬರುವುದಿಲ್ಲ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಿದ್ದರು. ಬರುವುದಿಲ್ಲ ಎಂದದ್ದು ಆಮೇಲೆ ಜಗತ್ತಿನ ಗಿಟಾರ್ ಮೇಷ್ಟ್ರುಗಳಿಗೆಲ್ಲ ಪಾಠವಾಯಿತು: ಮೊದಲು ಬಾಯಲ್ಲಿ ಹಾಡಿಕೊಳ್ಳಿ, ಆಮೇಲೆ ನುಡಿಸಿ, ಬಾಯಿಗೆ ಬಾರದ್ದನ್ನು ಬೆರಳಿಂದ ತೆಗೆಯಬೇಡಿ. ಬಾಯಿಗಾದರೆ ಉಸಿರು ಮುಗಿಯುತ್ತದೆ. ಬೆರಳಿಗೆ ಮುಗಿಯುವುದಿಲ್ಲ, ಅದೇ ಅದರ ದೊಡ್ಡ ದೋಷ.

ಅತ್ತೆ ಈ ವ್ಯವಹಾರಕ್ಕೆ ಪ್ರವೇಶಿಸಿದ್ದು ತಾಳದ ಕಡೆಯಿಂದ. ಹಜಾರದಲ್ಲಿ ಕೂತು ಹೂವು ಕಟ್ಟುತ್ತಿದ್ದವರು ಅದನ್ನು ಕೆಳಗಿಟ್ಟು ತೊಡೆಯ ಮೇಲೆ ಆದಿತಾಳ ಹಾಕತೊಡಗಿದರು. ಒಂದು ಬಾರ್‌ಗೆ ನಾಲ್ಕು ಎಣಿಕೆ, ಹನ್ನೆರಡು ಬಾರ್‌ಗೆ ನಲವತ್ತೆಂಟು, ಅಂದರೆ ಸರಿಯಾಗಿ ಆರು ಆವರ್ತ. “ಇದರಲ್ಲೇನಿದೆ, ಆರಾವರ್ತದ ಪಲ್ಲವಿ” ಎಂದು ತೀರ್ಪು ಕೊಟ್ಟರು. ಟ್ರ್ಯಾಕಿನ ನಡೆ ಅವರಿಗೆ ಇನ್ನೂ ಬೇಗ ಹತ್ತಿತು. ಷಫಲ್ ಎಂದು ಮೇಷ್ಟ್ರು ನನಗೆ ಕಾಲು ಕುಟ್ಟಿ ಕುಟ್ಟಿ ಕಲಿಸಿದ್ದ ಆ ಕುಂಟು ನಡಿಗೆ ಅವರ ಪ್ರಕಾರ ತಿಶ್ರನಡೆ ಅಷ್ಟೇ. “ತಕಿಟ ತಕಿಟ ಅನ್ಕೋ. ಮಧ್ಯದ ‘ಕಿ’ ನುಂಗಿಬಿಡು.” ನುಂಗಿದೆ. ಸರಿಹೋಯಿತು. ಮೇಷ್ಟ್ರು ಮುಂದಿನ ಪಾಠಕ್ಕೆ ಬಂದಾಗ, ಅಜ್ಜಿಗೂ ಒಂದು ಕುರ್ಚಿ ಹಾಕಿ ಎಂದರು.

ರಾಗವನ್ನೂ ಅವರೇ ಗುರುತಿಸಿದ್ದು. ಎ ಮೈನರ್ ಪೆಂಟಟಾನಿಕ್ ಎಂದು ನಾನು ನಾಲಿಗೆ ಹೊರಳಿಸಿ ಉರುಹೊಡೆದದ್ದು, ಎ ಸ್ವರವನ್ನು ಷಡ್ಜವಾಗಿ ಹಿಡಿದರೆ ಸ ಗ ಮ ಪ ನಿ, ನಮ್ಮ ಶುದ್ಧ ಧನ್ಯಾಸಿ. ಉದಯರವಿಚಂದ್ರಿಕೆ ಅನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಮೈಸೂರು ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಹಿಮಗಿರಿ ತನಯೇ’ ಈ ರಾಗದ್ದೇ. ಅತ್ತೆ ಅದನ್ನು ಗುನುಗುತ್ತಾ ನನ್ನ ಟ್ರ್ಯಾಕಿನ ಜೊತೆ ಹೊರಟರು. ನಾಲ್ಕು ಬಾರ್ ಚೆನ್ನಾಗಿಯೇ ಹೋಯಿತು. ಐದನೆಯದಕ್ಕೆ ಕಾರ್ಡ್ (ಟ್ರ್ಯಾಕಿನಲ್ಲಿ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎ ಬಿಟ್ಟು ಡಿಗೆ ಹಾರಿತು. ಅತ್ತೆ ಗಕ್ಕನೆ ನಿಂತರು.

“ಶ್ರುತಿ ಯಾಕೇ ಜಾಗ ಬಿಟ್ಟು ಓಡ್ತಾ ಇದೆ?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಬ್ಲೂಸಿನ ಬಗ್ಗೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಷಡ್ಜ ಕೂತಲ್ಲೇ ಕೂತಿರುತ್ತದೆ, ತಂಬೂರಿ ಅದನ್ನು ಕಾಯುತ್ತಿರುತ್ತದೆ. ಅಲ್ಲಿ ಸೋಲೋ ನುಡಿಸುವವರ ಐದು ಸ್ವರ ನಿಂತಲ್ಲೇ ನಿಂತಿದ್ದರೂ ಕೆಳಗಿನ ನೆಲ ಸರಿಯುತ್ತಿರುತ್ತದೆ: ನಾಲ್ಕು ಬಾರ್ ಎ, ಎರಡು ಡಿ, ಮತ್ತೆರಡು ಎ, ಆಮೇಲೆ ಇ, ಡಿ, ಎ, ಕೊನೆಗೊಂದು ಇ. ಹಾಗಾಗಿ ಒಂದೇ ಸ್ವರಕ್ಕೆ ನೆಲ ಸರಿದಾಗಲೆಲ್ಲ ಒಂದೊಂದು ಮುಖ. ನಮ್ಮ ಗಾಂಧಾರವನ್ನೇ, ಅಂದರೆ ಸಿ ಸ್ವರವನ್ನೇ ತೆಗೆದುಕೊಳ್ಳಿ. ಎ ಕಾರ್ಡಿನೊಳಗೆ ಅಂತರ ಗಾಂಧಾರ ಇರುತ್ತದೆ, ಮೇಲೆ ನಾವು ಸಾಧಾರಣ ಗಾಂಧಾರ ನುಡಿಸುತ್ತೇವೆ. ಎರಡಕ್ಕೂ ಜಗಳ. ಕಾರ್ಡ್ ಡಿಗೆ ಹೋದ ತಕ್ಷಣ ಅದೇ ಸಿ ಸಲೀಸಾಗಿ ಒಳಗೆ ಸೇರಿಕೊಳ್ಳುತ್ತದೆ. ಬೆರಳು ಅಲ್ಲಾಡದೆ ಕತೆ ಬದಲಾಯಿತು. ಹೊಸಬರು ಇದನ್ನು ಗಮನಿಸದೆ ಸ್ವರ ಹುಡುಕಿಕೊಂಡು ಓಡಾಡುತ್ತಾರೆ. ಹಳಬರು ಒಂದೇ ಸ್ವರ ಹಿಡಿದುಕೊಂಡು ನೆಲ ಬದಲಾಗುವುದನ್ನು ಕಾಯುತ್ತಾರೆ.

ಎ ಕಾರ್ಡಿನ ಮೇಲಿನ ಆ ಜಗಳವನ್ನು ಬಗೆಹರಿಸದೆ ಉಳಿಸಿಕೊಳ್ಳುವುದೇ ಬ್ಲೂಸಿನ ರುಚಿ. ಗಾಂಧಾರದ ತಂತಿಯನ್ನು ಒಂದಿಷ್ಟೇ ಇಷ್ಟು ತಳ್ಳುತ್ತಾರೆ. ಸಾಧಾರಣದಿಂದ ಹೊರಟದ್ದು ಅಂತರಕ್ಕೆ ಮುಟ್ಟುವುದಿಲ್ಲ, ನಡುವೆ ಎಲ್ಲೋ ನಿಲ್ಲುತ್ತದೆ. ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಗಿಟಾರಿನಲ್ಲಿ ಇದೆ, ವೀಣೆಯಲ್ಲಿ ಇದೆ, ಗಂಟಲಲ್ಲಂತೂ ಇದ್ದೇ ಇದೆ. ಎಷ್ಟು ತಳ್ಳಬೇಕು ಎಂದು ಮೇಷ್ಟ್ರನ್ನು ಕೇಳಿದರೆ “ಚೆನ್ನಾಗಿ ಅನ್ನಿಸೋ ಅಷ್ಟು” ಅನ್ನುತ್ತಾರೆ. ಉಪ್ಪು ಎಷ್ಟು ಹಾಕಬೇಕು ಎಂದು ಕೇಳಿದ ಸೊಸೆಗೆ ಅತ್ತೆ ಹಿಂದೆ ಕೊಟ್ಟಿದ್ದ ಉತ್ತರವೂ ಇದೇ ಆದ್ದರಿಂದ ನಾನು ಮುಂದೆ ಕೇಳಲಿಲ್ಲ.

ಇನ್ನು ಏಳನೇ ಫ್ರೆಟ್ಟಿನ ವಿಷಯ. ಮೇಲಿನ ದಪ್ಪ ತಂತಿಗಳನ್ನು ಬಿಟ್ಟು ಕೆಳಗಿನಿಂದ ಮೂರನೆಯ ತಂತಿ ಹಿಡಿಯಿರಿ, ಜಿ ತಂತಿ. ಅದರ ಏಳನೇ ಫ್ರೆಟ್ಟಿನಲ್ಲಿ ಡಿ ಸ್ವರ, ನಮ್ಮ ಮಧ್ಯಮ. ಉಂಗುರದ ಬೆರಳನ್ನು ಅಲ್ಲಿಟ್ಟು, ನಡುಬೆರಳು ತೋರುಬೆರಳುಗಳನ್ನು ಅದರ ಹಿಂದೆ ಸಹಾಯಕ್ಕೆ ನಿಲ್ಲಿಸಿ, ಮೀಟಿ, ತಂತಿಯನ್ನು ಮೇಲಕ್ಕೆ ತಳ್ಳಬೇಕು. ಬೆರಳಿನಿಂದಲ್ಲ, ಹೆಬ್ಬೆರಳನ್ನು ಕುತ್ತಿಗೆಯ ಮೇಲೆ ಊರಿ, ಬೀಗದಕೈ ತಿರುಗಿಸುವಷ್ಟು ಮಣಿಕಟ್ಟು ತಿರುಗಿಸಿ. ಮಧ್ಯಮ ಏರುತ್ತಾ ಏರುತ್ತಾ ಪಂಚಮಕ್ಕೆ ಬಂದು ನಿಲ್ಲಬೇಕು. ನಿಜವಾದ ಪಂಚಮ ಪಕ್ಕದ ಬಿ ತಂತಿಯ ಐದನೇ ಫ್ರೆಟ್ಟಿನಲ್ಲೇ ಇದೆ; ಮೊದಲು ಅದನ್ನು ಮೀಟಿ ಕಿವಿಯಲ್ಲಿಟ್ಟುಕೊಂಡು, ಆಮೇಲೆ ಇದನ್ನು ತಳ್ಳಿ ಅದಕ್ಕೆ ಕೂಡಿಸುವುದು ಅಭ್ಯಾಸದ ಕ್ರಮ. ತಂತಿ ಬೆರಳ ತುದಿಯನ್ನು ಕೊಯ್ಯುತ್ತದೆ, ಪಕ್ಕದ ತಂತಿ ಉಗುರಿನಡಿ ಸಿಕ್ಕಿಕೊಂಡು ಕಿರುಚುತ್ತದೆ, ಸ್ವರ ಮುಕ್ಕಾಲು ದಾರಿಗೆ ಸುಸ್ತಾಗುತ್ತದೆ. ಅಡುಗೆಮನೆಯಿಂದ ಅತ್ತೆಯ ದನಿ: “ಪಂಚಮ ಬರ್ಲಿಲ್ಲ.”

ಬಂದಮೇಲೂ ಮುಗಿಯುವುದಿಲ್ಲ. ಸೀದಾ ಪಂಚಮವೇ ಸಿಗುತ್ತಿರುವಾಗ ಈ ಸುತ್ತುದಾರಿ ಯಾಕೆ ಎಂದರೆ, ಕೇಳುವವರಿಗೆ ಬೇಕಾದದ್ದು ಆ ದಾರಿಯೇ. ನಿಧಾನಕ್ಕೆ ಏರಿಸಿದರೆ ಬೇಡಿಕೆ, ಗಕ್ಕನೆ ಏರಿಸಿದರೆ ತಕರಾರು. ಮೊದಲೇ ತಳ್ಳಿಟ್ಟುಕೊಂಡು ಮೀಟಿ ಮೆಲ್ಲಗೆ ಇಳಿಸಿದರೆ ನಿಟ್ಟುಸಿರು. ಮೂರಕ್ಕೂ ಸ್ವರ ಎರಡೇ. ವೀಣೆಯಲ್ಲಿ ಅತ್ತೆ ಕಲಿತದ್ದೂ ಇದೇ ಕೆಲಸ: ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮುಂದಿನ ಸ್ವರಗಳನ್ನು ಅಲ್ಲಿಂದಲೇ ತೆಗೆಯುವುದು. ಅದಕ್ಕೇ ಅವರಿಗೆ ನನ್ನ ಗಿಟಾರ್ ವಿಚಿತ್ರ ಅನ್ನಿಸಲೇ ಇಲ್ಲ. ವಿಚಿತ್ರ ಅನ್ನಿಸಿದ್ದು ನನ್ನ ಅವಸರ.

ಬಿ.ಬಿ. ಕಿಂಗರ ಹೆಸರು ಆಗಲೇ ಬಂದದ್ದರಿಂದ ಅವರ ಸುದ್ದಿ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟಿದ್ದು 1925ರಲ್ಲಿ, ಮಿಸಿಸಿಪ್ಪಿಯ ಇಟ್ಟಾ ಬೀನಾ ಹತ್ತಿರ. ಹತ್ತಿ ಬಿಡಿಸಿ, ಟ್ರ್ಯಾಕ್ಟರ್ ಓಡಿಸಿ, ಮೆಂಫಿಸ್ ಸೇರಿದವರು. ಅಲ್ಲಿ ತಾಯಿಯ ಕಡೆಯ ನೆಂಟ ಬುಕ್ಕಾ ವೈಟ್ ಇದ್ದರು. ಬೆರಳಿಗೆ ಲೋಹದ ನಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುವುದರಲ್ಲಿ ದೊಡ್ಡ ಹೆಸರು. ಆ ಜಾರುವ ನಾದ ಕಿಂಗರಿಗೆ ಹುಚ್ಚು ಹಿಡಿಸಿತು, ಆದರೆ ನಳಿಗೆ ಕೈಗೆ ಬಗ್ಗಲಿಲ್ಲ. ಬರಿಬೆರಳಲ್ಲೇ ಅದನ್ನು ಹೊರಡಿಸಲು ಹೋಗಿ ತಂತಿಯ ಮೇಲೆ ಬೆರಳನ್ನು ಅದುರಿಸತೊಡಗಿದರು. ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯಿಂದ ಬಿಡಿಸಿ, ಒಂದೇ ಬೆರಳನ್ನು ಊರಿ, ಇಡೀ ಅಂಗೈಯನ್ನು ಪಟಪಟನೆ ಬಡಿಯುವ ಆ ಕಂಪನವೇ ಅವರ ಗುರುತಾಯಿತು. ಒಂದು ಸ್ವರ ಕೇಳಿದರೆ ಸಾಕು, ಇದು ಕಿಂಗರದು ಎಂದು ಹೇಳಬಹುದು. ಹೊರಟದ್ದು ನಕಲು ಮಾಡಲು. ನಕಲು ಬಾರದ್ದರಿಂದ ಸ್ವಂತದ್ದು ಬಂತು.

ಇನ್ನೊಬ್ಬ ಬ್ಲೂಸ್ ವಾದಕ ಆಲ್ಬರ್ಟ್ ಕಿಂಗ್ ಇನ್ನೂ ಒಂದು ಕೈ ಮೇಲೆ. ಎಡಚರು. ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ, ತಂತಿ ಕೂಡ ಬದಲಿಸದೆ ನುಡಿಸಿದರು. ತೆಳು ತಂತಿಗಳು ಮೇಲೆ ಬಂದವು. ಉಳಿದವರೆಲ್ಲ ಮೇಲಕ್ಕೆ ತಳ್ಳುವ ತಂತಿಯನ್ನು ಅವರು ಕೆಳಕ್ಕೆ ಜಗ್ಗುತ್ತಿದ್ದರು. ಜಗ್ಗಲು ಇಡೀ ಕೈಯ ಬಲ ಸಿಗುತ್ತದೆ, ಹಾಗಾಗಿ ಅವರ ಸ್ವರ ಏರುವ ಎತ್ತರವೇ ಬೇರೆ. ಅದನ್ನು ಅನುಕರಿಸಲು ಎಷ್ಟೋ ಪ್ರಸಿದ್ಧರು ಬೆರಳು ನೋಯಿಸಿಕೊಂಡಿದ್ದಾರೆ.

ಈ ಇಬ್ಬರು ಕಿಂಗ್‌ಗಳನ್ನು (ನೆಂಟರಲ್ಲ) ನೋಡಿದಮೇಲೆ ನನಗೊಂದು ಸಿದ್ಧಾಂತ ಹುಟ್ಟಿತು. ಬ್ಲೂಸಿನಲ್ಲಿ ನಮ್ಮ ಸ್ವಂತ ದನಿ ಅನ್ನುವುದು ನಮಗೆ ಬಾರದ್ದರ ಪಕ್ಕದಲ್ಲೇ ಎಲ್ಲೋ ಇರುತ್ತದೆ. ಉತ್ಸಾಹದಿಂದ ಮೇಷ್ಟ್ರಿಗೆ ಹೇಳಿದೆ, ನನ್ನ ಪಂಚಮ ಸ್ವಲ್ಪ ಕೆಳಗೇ ನಿಲ್ಲುವುದು ನನ್ನ ಸ್ಟೈಲ್ ಇರಬಹುದಲ್ಲವೇ ಎಂದು. ಅವರು ಬಹಳ ವಿನಯವಂತರು. “ಇಲ್ಲ ಆಂಟಿ, ಅದು ಶ್ರುತಿ ತಪ್ಪಿರೋದು” ಎಂದರು. ಸಿದ್ಧಾಂತಕ್ಕೆ ತಿದ್ದುಪಡಿ ತಂದಿದ್ದೇನೆ: ಶ್ರುತಿ ಮತ್ತು ಲಯ ಇವೆರಡರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ವೇಗ ಇಲ್ಲದಿರಬಹುದು, ಕಿರುಬೆರಳು ಕೆಲಸ ಮಾಡದಿರಬಹುದು, ಕಾರ್ಡ್ ಬಾರದಿರಬಹುದು (ಬಿ.ಬಿ. ಕಿಂಗ್ ತಮಗೆ ಕಾರ್ಡೂ ಬರುವುದಿಲ್ಲ ಎನ್ನುತ್ತಿದ್ದರು). ಅಂಥ ಕೊರತೆಗಳ ಜೊತೆ ಸಂಸಾರ ಮಾಡಬಹುದು.

ಮೇಷ್ಟ್ರು ಆಮೇಲೆ ಮೂರೇ ಸ್ವರ ಕೊಟ್ಟು, ತಾವು ಹೇಳುವವರೆಗೆ ನಾಲ್ಕನೆಯದನ್ನು ಮುಟ್ಟಕೂಡದು ಎಂದರು. ಸ, ಗ, ಮ. ಇಷ್ಟರಲ್ಲಿ ಎಂಥ ಮಾತಾಡುವುದು? ಆದರೆ ಬೇರೆ ದಾರಿಯಿಲ್ಲದಾಗ ಬೆರಳು ಇಷ್ಟು ಹೊತ್ತು ಕಡೆಗಣಿಸಿದ್ದನ್ನೆಲ್ಲ ಹುಡುಕುತ್ತದೆ. ಪಿಕ್ಕಿನಿಂದ ಮೆಲ್ಲಗೆ ಮೀಟುವುದು, ಬೆರಳಿಂದಲೇ ಚಿವುಟುವುದು, ಬ್ರಿಡ್ಜಿನ ಹತ್ತಿರ ಮೀಟಿ ದನಿ ಚೂಪು ಮಾಡುವುದು, ಸ್ವರವನ್ನು ಗಟ್ಟಿಯಾಗಿ ಹುಟ್ಟಿಸಿ ಥಟ್ಟನೆ ಕತ್ತರಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಶುರು ಮಾಡುವುದು. ಒಂದನೇ ಎಣಿಕೆಗೇ ಹಾರಿ ಬೀಳಬೇಡಿ, ಅದು ಹೋಗಲಿ, ಆಮೇಲೆ ಬನ್ನಿ ಎನ್ನುತ್ತಾರೆ ಮೇಷ್ಟ್ರು. “ಅನಾಗತ” ಎನ್ನುತ್ತಾರೆ ಅತ್ತೆ, ಹೂವಿನಿಂದ ಕಣ್ಣೆತ್ತದೆ.

ಬ್ಲೂಸ್ ನುಡಿಸಬೇಕಾದರೆ ಕಷ್ಟ ಕಂಡಿರಬೇಕು ಎಂದು ಹೇಳುವವರಿದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಬ್ಲೂಸ್ ಹುಟ್ಟಿದ ಜನರ ಕಷ್ಟ ನಮ್ಮ ಕರೆಂಟ್ ಬಿಲ್ಲಿನ ಕಷ್ಟವಲ್ಲ. ಗುಲಾಮಗಿರಿ ಕಾಗದದ ಮೇಲೆ ಮುಗಿದ ಮೇಲೂ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬೇರೆಯವರ ನೆಲವನ್ನು ಪಾಲಿಗೆ ಗೇಯುತ್ತಾ, ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಸಾಲವೇ ಮಿಕ್ಕುತ್ತಿದ್ದ ಕಪ್ಪು ಜನರ ಸಂಗೀತ ಅದು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅಲ್ಲಿನ ಸ್ಟೋವಾಲ್ ತೋಟದಲ್ಲಿ ಕೆಲಸ ಮಾಡಿಕೊಂಡಿದ್ದಾಗ, 1941ರಲ್ಲಿ, ಜನಪದ ಹಾಡುಗಳ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅಲ್ಲಿಗೇ ಬಂದು ಅವರ ಹಾಡು ಧ್ವನಿಮುದ್ರಿಸಿಕೊಂಡರು. 1943ರಲ್ಲಿ ವಾಟರ್ಸ್ ಷಿಕಾಗೋಗೆ ಹೋದರು. ಅಲ್ಲಿನ ಬಾರುಗಳ ಗದ್ದಲದಲ್ಲಿ ಸಾದಾ ಗಿಟಾರ್ ಕೇಳಿಸದು, ವಿದ್ಯುತ್ ಗಿಟಾರ್ ಹಿಡಿದರು. ಆ ಕಷ್ಟವನ್ನು ನಾವು ಕಡ ತರಲು ಆಗುವುದಿಲ್ಲ, ತರಲೂ ಬಾರದು. ಮುಖ ಹಿಂಡಿಕೊಂಡು ನುಡಿಸಿದರೆ ಬ್ಲೂಸ್ ಆಗುವುದಿಲ್ಲ, ಹಲ್ಲುನೋವು ಆಗುತ್ತದೆ. ಅದೂ ಅಲ್ಲದೆ, ಅದು ಬರೀ ಅಳುವ ಸಂಗೀತವಲ್ಲ. ವಾರವೆಲ್ಲ ದುಡಿದವರು ಶನಿವಾರ ರಾತ್ರಿ ಕುಣಿಯಲು ಬೇಕಾದದ್ದು. ಹಾಡಿನ ಮಾತುಗಳಲ್ಲಿ ಕೀಟಲೆ, ಕೊಂಕು, ಪೋಲಿತನ ಎಲ್ಲ ಧಾರಾಳ.

ಕಿಂಗರ ಗಿಟಾರಿಗೆ ಲೂಸಿಲ್ ಎಂಬ ಹೆಸರು ಬಂದ ಕತೆಯಲ್ಲೂ ಅಂಥದ್ದೇ ಒಂದು ನಗು ಇದೆ. 1949ರ ಚಳಿಗಾಲ, ಆರ್ಕನ್ಸಾದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆ. ಚಳಿ ಕಾಯಿಸಲು ನಡುವೆ ಸೀಮೆಎಣ್ಣೆಯ ಬೆಂಕಿ. ಇಬ್ಬರು ಗಂಡಸರು ಹೊಡೆದಾಡುತ್ತಾ ಅದನ್ನು ಉರುಳಿಸಿದರು, ಮನೆ ಹತ್ತಿಕೊಂಡಿತು. ಹೊರಗೆ ಓಡಿಬಂದ ಕಿಂಗರಿಗೆ ಗಿಟಾರ್ ಒಳಗೇ ಉಳಿದದ್ದು ನೆನಪಾಯಿತು; ಮತ್ತೆ ನುಗ್ಗಿ, ಹೇಗೋ ಬದುಕಿ ಅದನ್ನು ತಂದರು. ಜಗಳವಾಡಿದವರ ನಡುವೆ ಇದ್ದದ್ದು ಲೂಸಿಲ್ ಎಂಬ ಹೆಂಗಸಿನ ವಿಷಯ ಎಂದು ಆಮೇಲೆ ತಿಳಿಯಿತು. ಇಂಥ ಪೆದ್ದು ಕೆಲಸ ಇನ್ನು ಮಾಡಬಾರದು ಎಂದು ನೆನಪಿಗೆ ಗಿಟಾರಿಗೇ ಆ ಹೆಸರಿಟ್ಟರು. ಈ ಕತೆಯನ್ನು ನಮ್ಮ ಯಜಮಾನರಿಗೆ ಹೇಳಿದೆ. ಮನೆಗೆ ಬೆಂಕಿ ಬಿದ್ದರೆ ನೀನು ಗಿಟಾರ್ ತರಲು ಹೋಗ್ತೀಯಾ, ನನ್ನನ್ನೋ ಎಂದು ಕೇಳಿದರು. ಶ್ರುತಿ ಮಾಡಿದ್ದಾದ ಮೇಲೆ ಹೇಳುತ್ತೇನೆ ಎಂದೆ.

ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಎಂಬ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅದರ ಆಚೀಚಿನ ಸಂಗತಿಗಳು. ಹುಡುಗನಾಗಿದ್ದಾಗ ಆತ ಗಿಟಾರ್ ಮುಟ್ಟಿದರೆ ಜನ ರೇಗುತ್ತಿದ್ದರು ಎಂದು ಹಿರಿಯ ಬ್ಲೂಸ್ ಗಾಯಕ ಸನ್ ಹೌಸ್ ನೆನೆಸಿಕೊಂಡಿದ್ದಾರೆ. ಆಮೇಲೆ ಐಕ್ ಜಿಮ್ಮರ್‌ಮನ್ ಎಂಬವರ ಬಳಿ ಕಲಿತರು, ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು ಎಂದು ಆ ಮನೆಯವರು ಹೇಳಿದ್ದಾರೆ. ಸೈತಾನನ ಕತೆ ಇಲ್ಲಿಂದಲೇ ಬೆಳೆದಿರಬಹುದು. ನನಗೆ ತೋರುವ ಕಾರಣ ಸರಳ: ಹೊಸಬನ ಸೋಲೋಗೆ ನೆರೆಹೊರೆಯವರು ಆಕ್ಷೇಪಿಸದ ಜಾಗ ಅದೊಂದೇ. ಜಾನ್ಸನ್ 1938ರಲ್ಲಿ ತೀರಿಕೊಂಡಾಗ ವಯಸ್ಸು 27; ಧ್ವನಿಮುದ್ರಿಸಿದ ಹಾಡುಗಳು 29.

ಕಲಿಯುವ ಮನಸ್ಸಿದ್ದವರಿಗೆ ಎರಡು ಮಾತು. ತಂತಿ ತೆಳ್ಳಗಿನದೇ ಹಾಕಿಸಿ. ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಅತಿ ದಪ್ಪ ತಂತಿ ಕಟ್ಟುತ್ತಿದ್ದರು, ನಾದ ಬೇಕಾದರೆ ಹಾಗೇ ಕಟ್ಟಬೇಕು ಎಂದು ಹೇಳುವ ಗಂಡುಮಕ್ಕಳು ಪ್ರತಿ ಅಂಗಡಿಯಲ್ಲೂ ಸಿಗುತ್ತಾರೆ, ಕಿವಿಗೊಡಬೇಡಿ. ಬಿಲ್ಲಿ ಗಿಬ್ಬನ್ಸ್ ಎಂಬ ಗಿಟಾರ್ ವಾದಕರು ಹೇಳುವ ಪ್ರಕಾರ, ಗಿಬ್ಬನ್ಸರದೇ ದಪ್ಪ ತಂತಿಯ ಗಿಟಾರನ್ನು ಕೈಗೆತ್ತಿಕೊಂಡ ಬಿ.ಬಿ. ಕಿಂಗ್, ಇಷ್ಟೇಕೆ ಕಷ್ಟಪಡುತ್ತೀಯಪ್ಪಾ ಎಂದು ಕೇಳಿದರಂತೆ. ಆಮೇಲೆ ‘ಲೈವ್ ಅಟ್ ದ ರೀಗಲ್’ ಹುಡುಕಿ ಕೇಳಿ. 1964ರ ನವೆಂಬರ್ 21ರಂದು ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಮುದ್ರಿಸಿದ್ದು. ಕಿಂಗ್ ನುಡಿಸಿದ್ದಕ್ಕಿಂತ ನಿಲ್ಲಿಸಿದ್ದನ್ನು ಗಮನಿಸಿ. ಆತ ಬಿಟ್ಟ ಜಾಗದಲ್ಲೆಲ್ಲ ಸಭೆಯ ಹೆಂಗಸರು ಕೂಗಿ ಉತ್ತರ ಕೊಡುತ್ತಾರೆ. ಇನ್ನು ಕೈಯಲ್ಲಿ ದುಡ್ಡು ಮಿಕ್ಕರೆ, ದೊಡ್ಡ ಆಂಪ್ಲಿಫೈಯರಿಗಿಂತ ಮೊದಲು ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳಿ.